ಹೆಪ್ಪು

ಮೂವತ್ತು ವರ್ಷ ಹಾಲಿಗೆ ಹೆಪ್ಪು ಹಾಕಿದ ಕೈ ಇದು.
ನಿಟ್ಟುವಳ್ಳಿಯ ಎರಡು ಕೋಣೆಯ ಮನೆಯಲ್ಲಿ
ಬೆರಳದ್ದಿ ಬಿಸಿ ನೋಡಿ, ಚಮಚದ ತುದಿಯಷ್ಟು ಮೊಸರು.
ಹೆಚ್ಚಾದರೆ ಹುಳಿ,
ಕಡಿಮೆಯಾದರೆ ಬೆಳಿಗ್ಗೆಯೂ ಹಾಲೇ.
ನಾನು ಕಡೆದ ಬೆಣ್ಣೆ
ಹೊಂಡದ ಸರ್ಕಲ್ ಹತ್ತಿರದ ಹೋಟೆಲಿನ ಕಾವಲಿಯ ಮೇಲೆ
ಏಳು ಗಂಟೆಗೆಲ್ಲ ಚುರ್ ಎನ್ನುತ್ತಿತ್ತು.

ಎದೆಯೊಳಗಿನ ಬಾಗಿಲು ಕೆಟ್ಟಿದೆ ಎಂದರು.
ಹುಡುಗಿಯಾಗಿದ್ದಾಗ ಕೀಲೆಲ್ಲ ಬಾತ ಜ್ವರ ಬಂದಿತ್ತಲ್ಲ,
ಅದು ಉಳಿಸಿಹೋದ ಬಾಕಿ.
ಕೊಯ್ದು, ಲೋಹದ್ದೊಂದು ಕೂರಿಸಿದರು.
ಈಗ ರಾತ್ರಿಯೆಲ್ಲ ಟಿಕ್ ಟಿಕ್.
"ಊರಿಗೊಂದೇ ಗಡಿಯಾರ ಕಂಬ ಅಂದ್ಕೊಂಡಿದ್ದೆ" ಎಂದು
ಮಗ್ಗುಲು ಬದಲಿಸುತ್ತಾನೆ ರುದ್ರಮುನಿ,
ಗಿರಣಿಯ ಸದ್ದಿನಲ್ಲೂ ನಿದ್ದೆ ಮಾಡುತ್ತಿದ್ದವನು.

ಲೋಹ ಸೋಕಿದರೆ ರಕ್ತ ಹೆಪ್ಪುಗಟ್ಟುತ್ತದಂತೆ.
ಕಟ್ಟದಿರಲಿ ಅಂತ ಸಂಜೆಗೊಂದು ಮಾತ್ರೆ.
ತಿಂಗಳಿಗೊಮ್ಮೆ ಸೂಜಿ, ಚೀಟಿಯಲ್ಲೊಂದು ಅಂಕಿ:
ಎರಡೂವರೆಗಿಂತ ಇಳಿಯಬಾರದು,
ಮೂರೂವರೆ ದಾಟಬಾರದು.
"ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತೆ, ಜೋಪಾನ"
ಎಂದರು ಡಾಕ್ಟರು, ಮುಂದಿನವರನ್ನು ಕರೆಯುತ್ತಾ.
ಕೆ ಅಂದರೆ ಕೆನೆಯಾ?
ಲ್ಯಾಬಿನ ಶಾಹಿದಾ ನಕ್ಕಳು:
"ಅಲ್ಲಮ್ಮ, ಹೆಪ್ಪು. ರಕ್ತಕ್ಕೆ ಹಾಕೋ ಹೆಪ್ಪು ಅನ್ಕೋ."

ಜೋಪಾನ ಎಂಬ ಮಾತು
ನನ್ನ ಕಿವಿಗೆ ಬೇಡ ಎಂದೇ ಕೇಳಿತು.
ಆವರಗೆರೆಯ ಕೆಂಚಮ್ಮ ಬುಟ್ಟಿ ಇಳಿಸಿದರೆ
ಕದ ಅರ್ಧ ಮುಂದೆ ಮಾಡುತ್ತಿದ್ದೆ.
ಅವಳು ಹೊರಗೇ ನಿಂತು ಕೂಗುವಳು,
ಮೆಂತ್ಯ, ಹರಿವೆ, ಹೊನಗೊನೆ,
ಅತ್ತೆ ಬಾಣಂತನದಲ್ಲಿ ತಿನ್ನಿಸಿದ ನುಗ್ಗೆಸೊಪ್ಪು.
ಎರಡು ತಿಂಗಳು ಅನ್ನ, ಬೇಳೆಕಟ್ಟು.
ಬಳೆ ತಾಗಿದಲ್ಲೆಲ್ಲ ನೇರಳೆಹಣ್ಣಿನ ಕಲೆ.
ಹಲ್ಲುಜ್ಜಿದರೆ ಕೆಂಪು.
ಅಂಕಿ ಐದು ದಾಟಿತ್ತು.

ಬೈಸಿಕೊಂಡು ಬಂದು, ಹಟಕ್ಕೆ
ಮೂರು ಹೊತ್ತೂ ರೊಟ್ಟಿಗೆ ಸೊಪ್ಪಿನ ಪಲ್ಯ.
ಅಂಕಿ ಒಂದೂವರೆ!
ಡಾಕ್ಟರು ಕನ್ನಡಕ ತೆಗೆದಿಟ್ಟರು.
"ಬಿಡು ಅಂದೆನಾ? ಸುರಿದುಕೋ ಅಂದೆನಾ?
ದಿನಾ ತಿನ್ನು. ದಿನಾ ಅಷ್ಟೇ ತಿನ್ನು."

ಅಯ್ಯೋ, ಇದು ನನಗೆ ಗೊತ್ತಿದ್ದ ಕೆಲಸವೇ.

ಈಗ ದಿನಕ್ಕೊಂದು ಹಿಡಿ.
ಎಣ್ಣೆಯ ಒಗ್ಗರಣೆ ಬೀಳಲೇಬೇಕು,
ಜಿಡ್ಡಿಲ್ಲದೆ ಅದು ಮೈಗೆ ಹತ್ತುವುದು ಕಮ್ಮಿಯಂತೆ.
ಮೂಳೆಗೂ ಅದೇ ಬೇಕಂತೆ, ಶಾಹಿದಾ ಹೇಳಿದಳು.
ಕೆಂಚಮ್ಮ ಗೊಣಗುತ್ತಾಳೆ,
"ಕಟ್ಟು ಬಿಚ್ಚಿ ಅಳೆಯೋ ಗಿರಾಕಿ ನೀನೊಬ್ಬಾಕಿ."
ಗೊಣಗುತ್ತಲೇ ಒಂದು ಎಳೆ ಹೆಚ್ಚಿಗೆ ಹಾಕುತ್ತಾಳೆ.
ನಾನು ತೆಗೆದು ವಾಪಸು ಕೊಡುತ್ತೇನೆ.

ಮೊನ್ನೆ ಮಗಳು ನೀಲಾ ಹೆತ್ತಳು.
ದೀಪ ಹಚ್ಚುವ ಹೊತ್ತು ಮೀರಿತ್ತು.
ಒದ್ದೆ ಕೂದಲಿನ ಹೆಣ್ಣುಕೂಸು, ಕೈಯಷ್ಟುದ್ದ.
ನರ್ಸು ತೊಡೆ ಒರೆಸಿ ಸೂಜಿ ಎತ್ತಿದಾಗ
ಏನದು ಎಂದೆ.
"ವಿಟಮಿನ್ ಕೆ. ಹುಟ್ಟುವಾಗ ಇವಕ್ಕೆ ಸಾಲುವಷ್ಟು ಇರಲ್ಲ.
ತಾಯಿಯಿಂದ ಬರೋದೇ ಚೂರು,
ಹೊಟ್ಟೆಯೊಳಗೆ ಇನ್ನೂ ಏನೂ ಹುಟ್ಟಿಲ್ಲ.
ಹಾಗೇ ಬಿಟ್ಟರೆ ಒಳಗೊಳಗೇ ರಕ್ತ ಸೋರಬಹುದು."

ಕಟ್ಟದಿರಲಿ ಅಂತ ನನ್ನ ಮಾತ್ರೆ
ಸೆರಗಿನ ಗಂಟಿನಲ್ಲಿತ್ತು.
ಕಟ್ಟಲಿ ಅಂತ ಅವಳ ಹನಿ
ಸೂಜಿಯ ತುದಿಯಲ್ಲಿತ್ತು.

ನಮ್ಮ ಓಣಿಯಲ್ಲಿ
ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ.
ಎಷ್ಟು ಸಲ ಬಟ್ಟಲು ಹಿಡಿದು ಬರಿಗೈಲಿ ಬಂದಿದ್ದೇನೆ,
ನಾನೂ ಎಷ್ಟು ಜನಕ್ಕೆ ಇಲ್ಲ ಅಂದಿದ್ದೇನೆ.
ಈ ಹುಡುಗಿ, ಯಾರ ಮನೆ ಮಗಳೋ,
ಕೇಳುವ ಮೊದಲೇ ಕೊಟ್ಟಳು.

ಕೂಸು ಚೀರಿತು.
ಹತ್ತಿ ಒತ್ತಿ ಹಿಡಿ ಎಂದಳು.
ಹಿಡಿದೆ. ಎದೆಯ ಟಿಕ್ ಟಿಕ್ ಎಣಿಸುತ್ತಾ
ಅರವತ್ತಕ್ಕೆ ಎತ್ತಿ ನೋಡಿದೆ.
ಸಾಸಿವೆಯಷ್ಟು ಕೆಂಪು, ಒಣಗುತ್ತಿತ್ತು.